ನನ್ನ ಹೊಸ್ತಿಲ ಮೇಲಿನ ಗುಪ್ತದಾನ

ಶಾಲಾ ತಪಾಸಣೆಯ ಸಾಹೇಬರ ಸನ್ನಿಧಾನಕ್ಕೆ,
ಮುಕ್ಕಾಂ: ತಾವು ಸದ್ಯ ಯಾವ ಊರಿನ ಮಕ್ಕಳಿಗೆ ಉಪದೇಶ ಮಾಡುತ್ತಿರುವಿರೋ ಆ ಊರು.

ಮಾನ್ಯರೇ,

ಹಾನಗಲ್ಲ ತಾಲೂಕಿನಲ್ಲಿ, ಬೆಳಗ್ಗೆ ಗಾಡಿ ಹೂಡಿದರೆ ಹೊತ್ತೇರುವುದರೊಳಗೆ ಅಕ್ಕಿಆಲೂರಿನ ಸಂತೆ ಮುಟ್ಟಬಹುದಾದ ನಮ್ಮ ಸಣ್ಣ ಊರಿನಿಂದ, ಅಕ್ಕಿಯ ವ್ಯಾಪಾರಿಯೂ ಶಾಲಾ ಕಮಿಟಿಯ ಅಧ್ಯಕ್ಷನೂ ಆದ ಮಹಾಲಿಂಗಪ್ಪನೆಂಬ ನಾನು ತಮಗೆ, ತಮ್ಮ ಕೈಯ ಬೆತ್ತಕ್ಕೆ, ತಮ್ಮನ್ನು ಇಲ್ಲಿಯವರೆಗೆ ಎಳೆದು ತಂದ ಟಾಂಗಾದ ಕುದುರೆಗೆ ಸಹ ಅನಂತ ನಮಸ್ಕಾರಗಳನ್ನು ಸಲ್ಲಿಸಿ ಬರೆಯುವ ಬಹಿರಂಗ ತಕರಾರು ಏನೆಂದರೆ, ತಾವು ನಮ್ಮೂರ ಮಕ್ಕಳಿಗೆ ದಾನಧರ್ಮ ಕಲಿಸಿ ಹೋದಿರಿ, ಮಕ್ಕಳು ಅದನ್ನು ಕಲಿತುಬಿಟ್ಟರು. ಹೀಗಾಗುತ್ತದೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಇಷ್ಟು ವರ್ಷ ನಮ್ಮ ಶಾಲೆಯಲ್ಲಿ ಕಲಿಸಿದ್ದನ್ನು ಮಕ್ಕಳು ಮನೆಗೆ ಬರುವ ದಾರಿಯಲ್ಲೇ ಮರೆಯುವ ಒಳ್ಳೆಯ ಪದ್ಧತಿ ಇತ್ತು. ಲಕೋಟೆಯೊಳಗೆ ಹಾಕಿ ಅಂಟಿಸಬೇಕಾದ ಇಂಥ ಪತ್ರವನ್ನು ಎಲ್ಲರ ಮುಂದೆ ಬಿಚ್ಚಿಟ್ಟಿದ್ದೇಕೆಂದು ತಮಗೆ ಅನ್ನಿಸಬಹುದು, ಆದರೆ ಅದನ್ನು ಈಗಲೇ ಹೇಳಲು ನನಗೆ ಬಾಯಿ ಬರುತ್ತಿಲ್ಲ, ಕೊನೆಗೆ ಹೇಳುತ್ತೇನೆ.

ತಾವು ಪುಷ್ಯ ಮಾಸದಲ್ಲಿ ನಮ್ಮೂರಿಗೆ ದಯಮಾಡಿಸಿದ್ದು ತಮಗೆ ನೆನಪಿರಲಿಕ್ಕಿಲ್ಲ, ನಮಗೆ ಚೆನ್ನಾಗಿ ನೆನಪಿದೆ. ನನ್ನ ಮನೆಯಲ್ಲಿಯೇ ತಮ್ಮ ಊಟವಾಯಿತು. ಹೊಸ ಅಕ್ಕಿಯ ಅನ್ನಕ್ಕೆ ತುಪ್ಪ ಬಡಿಸುತ್ತ ನನ್ನ ಹೆಂಡತಿ ಮಹಾದೇವಕ್ಕ ಸಾಕೋ ಎಂದು ಮೂರು ಸಲ ಕೇಳಿದಳು, ತಾವು ದೊಡ್ಡ ಮನಸ್ಸಿನಿಂದ ಮೂರು ಸಲವೂ ಸುಮ್ಮನಿದ್ದಿರಿ. ಉಂಡು ಕೈ ತೊಳೆದು ಶಾಲೆಗೆ ಬಂದು, ಈ ವಾರ ನೀವು ಯಾರಿಗೆ ಏನು ಕೊಟ್ಟಿರಿ ಎಂದು ಮಕ್ಕಳನ್ನು ಕೇಳಿದಿರಿ. ಒಬ್ಬ ಹುಡುಗ ಧೈರ್ಯ ಮಾಡಿ ಎದ್ದು ನಿಂತು, ತಮ್ಮನಿಗೆ ಎರಡು ಗುದ್ದು ಕೊಟ್ಟೆನೆಂದು ಹೇಳಿದ. ಆಗ ತಮಗೆ ಬಹಳ ವ್ಯಸನವಾಗಿ, ಅಲ್ಲಿಯೇ ಖುರ್ಚಿಯ ಮೇಲೆ ಕುಳಿತು ಗುಪ್ತದಾನದ ಹುಕುಮು ಬರೆಸಿದಿರಿ.

ಆ ಹುಕುಮು ಈಗ ನನಗೆ ಬಾಯಿಪಾಠ. ಒಂದು ವಾರದೊಳಗೆ ಪ್ರತಿಯೊಂದು ಮಗುವೂ ಒಂದು ದಾನ ಮಾಡಬೇಕು, ತನ್ನ ಪಾಲಿನದನ್ನೇ ಕೊಡಬೇಕು, ಏನೂ ಇಲ್ಲದವರನ್ನು ಹುಡುಕಿ ಕೊಡಬೇಕು, ಯಾರೂ ನೋಡದ ಹಾಗೆ ಅವರ ಬಾಗಿಲಲ್ಲಿ ಇಟ್ಟು ಬರಬೇಕು, ಮತ್ತು ಏನೇ ಆದರೂ ಬಾಯಿ ಬಿಡಬಾರದು, ಬಿಟ್ಟರೆ ಕೊಟ್ಟದ್ದು ಹಾಳಾಯಿತು. ಇದನ್ನು ಕೇಳಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನು. ಅಧ್ಯಕ್ಷನಾದ ಕಾರಣ ದಾನದ ಮಹಿಮೆಯನ್ನು ಕುರಿತು ಮುಕ್ಕಾಲು ತಾಸು ಭಾಷಣವನ್ನೂ ಮಾಡಿದೆ. ಮಕ್ಕಳು ಬಿಸಿಲಲ್ಲಿ ನಿಂತು ಕೇಳಿದರು. ಬಡ ಮಕ್ಕಳಿಗೆಂದು ಎರಡು ಚೀಲ ಅಕ್ಕಿ ಕೊಡುವುದಾಗಿ ಅಲ್ಲಿಯೇ ಸಾರಿ, ಊರೊಳಗೆ ಹಲಗೆ ಬಾರಿಸಿಯೂ ಹೇಳಿಸಿದೆ. ಆ ಚೀಲಗಳ ಮಾತು ಸದ್ಯ ಬೇಡ.

ಇಷ್ಟು ದೊಡ್ಡ ಹುಕುಮು ಬರೆಸಿದ ತಮಗೆ ಒಂದು ಸಣ್ಣ ಸಂಗತಿ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಚಪ್ಪಾಳೆ ತಟ್ಟುವ ಗದ್ದಲದಲ್ಲಿ ಅದನ್ನು ಮರೆತೆ. ನಮ್ಮ ಸೀಮೆಯಲ್ಲಿ, ಅದರಲ್ಲೂ ಅಮಾವಾಸ್ಯೆಯ ಆಸುಪಾಸಿನಲ್ಲಿ, ಯಾರು ಇಟ್ಟರೆಂದು ಗೊತ್ತಿಲ್ಲದ ವಸ್ತು ಹೊಸ್ತಿಲ ಮೇಲೆ ಕಂಡರೆ ಅದನ್ನು ಯಾರೂ ದಾನವೆನ್ನುವುದಿಲ್ಲ, ಮಾಟವೆನ್ನುತ್ತಾರೆ. ತಮ್ಮ ವಾರ ಸರಿಯಾಗಿ ಅಮಾವಾಸ್ಯೆಯ ವಾರಕ್ಕೇ ಬಿತ್ತು. ಒಂದು ಮನೆಯ ಮುಂದೆ ಅರ್ಧ ತೆಂಗಿನಕಾಯಿ, ಇನ್ನೊಂದರ ಮುಂದೆ ಕುಂಬಳಕಾಯಿಯ ಹೋಳು, ಮತ್ತೊಂದರ ಮುಂದೆ ಯಾವುದೋ ಮಗು ತಲೆಗೆ ಹಾಕುವ ಹಳದಿ ಕುಂಚಿಗೆ. ಜನ ಅವನ್ನು ಕಟ್ಟಿಗೆಯಿಂದ ದೂಡಿಕೊಂಡು ಹೋಗಿ ಮೂರುದಾರಿ ಕೂಡುವಲ್ಲಿ ಬಿಸಾಡಿ, ಹಿಂದಿರುಗಿ ನೋಡದೆ ಓಡಿ ಬಂದು ಮೈಮೇಲೆ ನೀರು ಹೊಯ್ದುಕೊಂಡರು. ಒಟ್ಟಾರೆ ತಮ್ಮ ಹುಕುಮಿನಿಂದ ಊರೆಲ್ಲ ಸ್ನಾನ ಮಾಡಿತೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಒಬ್ಬಳೇ ಒಬ್ಬಳು ಹೆದರಲಿಲ್ಲ. ಸವಣೂರಿನಿಂದ ಬಂದು ನಮ್ಮೂರಲ್ಲಿ ನೆಲೆ ನಿಂತಿರುವ ಬಳೆಗಾರ್ತಿ ಲಾಲಬಿ ತನ್ನ ಬಾಗಿಲಲ್ಲಿ ಬೆಲ್ಲದ ಹೆಂಟೆಯೊಂದನ್ನು ಕಂಡು, ಇರುವೆ ಜಾಡಿಸಿ, ಬಿಸ್ಮಿಲ್ಲಾ ಅಂದು ಬಾಯಿಗೆ ಹಾಕಿಕೊಂಡು, "ಕೊಟ್ಟಾವರ ಮನಿ ತಣ್ಣಗಿರ್ಲಿ" ಎಂದು ಓಣಿಗೆಲ್ಲ ಕೇಳುವ ಹಾಗೆ ಹರಸಿದಳು. ಅವಳಿಗೆ ಏನೂ ಆಗಲಿಲ್ಲ. ಸಂಜೆಯವರೆಗೆ ಕಾದು ನೋಡಿದ ನಮಗೆ ಸ್ವಲ್ಪ ನಿರಾಶೆಯೇ ಆಯಿತು.

ಅಮಾವಾಸ್ಯೆಯ ಮುಂಜಾನೆ ನನ್ನ ಹೊಸ್ತಿಲಿಗೂ ಗಂಟು ಬಂತು. ಅಂಗಳಕ್ಕೆ ನೀರು ಹಾಕಲು ಹೊರಗೆ ಬಂದ ಮಹಾದೇವಕ್ಕ ಕಿರುಚಿದ ಕಿರುಚಿಗೆ ಹಗ್ಗ ಹರಿದುಕೊಂಡ ಎಮ್ಮೆ ಇನ್ನೂ ಸರಿಯಾಗಿ ಹಿಂಡಲು ಬಿಡುತ್ತಿಲ್ಲ. ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿದ ಗಂಟು. ಕೋಲಿನ ತುದಿಯಿಂದ ಬಿಚ್ಚಿ ನೋಡಿದರೆ ಒಳಗೆ ಒಂದು ಹಿಡಿ ನುಚ್ಚು, ಎರಡು ಒಣ ಮೆಣಸಿನಕಾಯಿ, ಚಿಟಿಕೆ ಉಪ್ಪು, ಒಂದು ನಿಂಬೆಹಣ್ಣು, ಮತ್ತು ಎರಡು ತುಂಡು ಇದ್ದಲಿ. ಇದಕ್ಕಿಂತ ಪೂರ್ಣವಾದ ಮಾಟವನ್ನು ನಮ್ಮ ಸೀಮೆಯ ದೊಡ್ಡ ದೊಡ್ಡ ಮಂತ್ರವಾದಿಗಳೂ ಕಟ್ಟಿಲ್ಲವೆಂದು ಓಣಿಯವರೆಲ್ಲ ಮೆಚ್ಚಿ ಮಾತನಾಡಿದರು. ಅದೇ ದಿನ ನನ್ನ ಹೊಟ್ಟೆಯೂ ಕೆಟ್ಟಿತು. ಹಿಂದಿನ ರಾತ್ರಿ ಹುಗ್ಗಿಯನ್ನು ನಾಲ್ಕು ಸಲ ಹಾಕಿಸಿಕೊಂಡಿದ್ದು ಆಗ ಯಾರಿಗೂ ನೆನಪಾಗಲಿಲ್ಲ, ನನಗಂತೂ ನೆನಪು ಮಾಡಿಕೊಳ್ಳುವ ಮನಸ್ಸೇ ಇರಲಿಲ್ಲ. ತಡಸದ ಕಡೆಯಿಂದ ಮಂತ್ರವಾದಿ ಬಂದು, ಕರಿ ಕೋಳಿ, ಹೊಸ ಪಂಚೆ ಹಾಗೂ ಒಂದು ಗಿಂಡಿ ತುಪ್ಪ ಪಡೆದು, ಇಟ್ಟವರು ಹತ್ತಿರದವರೇ ಎಂದು ಹೇಳಿ ಹೋದನು. ತಾವೂ ಒಪ್ಪುವಿರಿ, ಅವನು ಹೇಳಿದ್ದು ನಿಜವೇ ಆಗಿತ್ತು.

ಸೀರೆಯ ಚೂರನ್ನು ಮಹಾದೇವಕ್ಕ ಗುರುತಿಸಿದಳು. ಅದು ತಿಪ್ಪವ್ವನದು. ತಿಪ್ಪವ್ವ ನನ್ನ ಮನೆಯ ಭತ್ತ ಕುಟ್ಟಿ ಕೇರುವ ಮುದುಕಿ. ಹಿಂದೆ ಮುಂದೆ ಯಾರೂ ಇಲ್ಲ, ತಾಯಿ ತಂದೆ ಇಲ್ಲದ ಒಬ್ಬಳು ಮೊಮ್ಮಗಳಿದ್ದಾಳೆ, ನಾಗವ್ವ, ನಮ್ಮ ಶಾಲೆಯ ಮೂರನೆಯ ಇಯತ್ತೆಯಲ್ಲಿ ಓದುತ್ತಾಳೆ. ಕುಟ್ಟಿದ ಅಕ್ಕಿ ನಮ್ಮ ಕಣಜಕ್ಕೆ, ಉಳಿದ ನುಚ್ಚು ಅವಳ ಸೆರಗಿಗೆ, ಹೀಗೆ ಇಪ್ಪತ್ತು ವರ್ಷದಿಂದ ನಡೆದು ಬಂದಿದೆ. ಆ ಗಂಟು ಬರುವುದಕ್ಕೆ ಹತ್ತು ದಿನ ಮೊದಲು ಅವಳು ಹುಡುಗಿಗೆ ಜ್ವರವೆಂದು ಗಂಜಿಗೆ ಒಂದಿಷ್ಟು ಅಕ್ಕಿ ಕೇಳಲು ಬಂದಾಗ, ನಾನು ಎಲ್ಲರಿಗೂ ಹೇಳುವ ಹಾಗೆಯೇ ಅವಳಿಗೂ ಸೌಮ್ಯವಾಗಿ, "ಇವತ್ತ ಮನ್ಯಾಗ ಏನೂ ಇಲ್ರಿ" ಎಂದು ಹೇಳಿ ಕಳಿಸಿದ್ದೆ. ಭಿಕ್ಷೆಗೆ ಬಂದವರಿಗೂ ನಾನು ಏಕವಚನ ಬಳಸುವವನಲ್ಲ ಎಂಬುದನ್ನು ತಮ್ಮ ಕಚೇರಿ ದಯವಿಟ್ಟು ಗಮನಿಸಬೇಕು. ಕೊಡದಿದ್ದಕ್ಕೆ ಮುದುಕಿ ಹೊಟ್ಟೆ ಉರಿದುಕೊಂಡು ಮಾಟ ಮಾಡಿಸಿದಳೆಂದು ನಾನು ತರ್ಕ ಮಾಡಿದೆ. ತರ್ಕದಲ್ಲಿ ನಾನು ಮೊದಲಿನಿಂದಲೂ ಗಟ್ಟಿ.

ಅವಳನ್ನು ಚಾವಡಿಗೆ ಕರೆಸಿ, ಹತ್ತು ಜನರ ಮುಂದೆ ನಿಲ್ಲಿಸಿ, ಇದು ನಿನ್ನದೇ ಕೆಲಸವೆಂದು ಹೇಳಿದೆ. ಆಗ ಬಹುವಚನ ಮರೆತಿದ್ದೆ. ಅವಳು ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿ, "ಅರಿಬಿ ನಂದ ಐತ್ರಿ, ಸುಳ್ಳ ಯಾಕ ಹೇಳ್ಲಿ? ಗಂಟ ನಾ ಕಟ್ಟಿಲ್ರಿ" ಎಂದಳು. ಬಟ್ಟೆ ಅವಳದೆಂದು ಒಪ್ಪಿಕೊಂಡದ್ದೇ ನಮಗೆ ಸಾಕಾಯಿತು. ಅಂದಿನಿಂದ ಊರಲ್ಲಿ ಅವಳಿಗೆ ಯಾರೂ ಭತ್ತ ಕುಟ್ಟಲು ಕೊಡಲಿಲ್ಲ. ಬಾವಿಕಟ್ಟೆಗೆ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೊರಟರು, ತಾಯಂದಿರು ಕೂಸುಗಳ ಮುಖಕ್ಕೆ ಸೆರಗು ಹಾಕಿದರು. ಕುಟ್ಟಿ ಕೇರಲು ಭತ್ತ ಸಿಗದೆ ನುಚ್ಚೂ ಇಲ್ಲವಾಗಿ, ಹಿರೇಕೆರೂರಿನ ಕಡೆ ಇರುವ ತಂಗಿಯ ಊರಿಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿಬಿಡುವುದೆಂದು ಅವಳು ಗಂಟುಮೂಟೆ ಕಟ್ಟಿದಳು. ಊರಿಗೆ ಹತ್ತಿದ ಪೀಡೆ ತಾನಾಗಿಯೇ ಹೋಗುತ್ತಿದೆಯೆಂದು ನಾನು ಸಮಾಧಾನಪಟ್ಟೆ, ಈ ಮಾತನ್ನು ಮುಚ್ಚಿಡುವುದಿಲ್ಲ.

ಈಗ ತಮ್ಮ ವಿದ್ಯಾರ್ಥಿನಿಯ ವಿಷಯಕ್ಕೆ ಬರುತ್ತೇನೆ, ತಮ್ಮ ಎದೆ ಹೆಮ್ಮೆಯಿಂದ ಉಬ್ಬುವ ವಿಷಯವಿದು. ಅಮಾವಾಸ್ಯೆಯಿಂದ ಒಂಬತ್ತು ದಿನ ನಾಗವ್ವ ತಮ್ಮ ಹುಕುಮನ್ನು ಅಕ್ಷರಶಃ ಪಾಲಿಸಿದಳು. ಅಜ್ಜಿಯನ್ನು ಚಾವಡಿಯಲ್ಲಿ ನಿಲ್ಲಿಸಿದಾಗ ಕಂಬದ ಹಿಂದೆ ನಿಂತು ನೋಡಿದಳು, ಬಾಯಿ ಬಿಡಲಿಲ್ಲ. ಅಜ್ಜಿ ಬಾವಿಯಿಂದ ಅಳುತ್ತ ಬಂದಾಗಲೂ ಬಿಡಲಿಲ್ಲ. ಶಾಲೆಯಲ್ಲಿ ಒಮ್ಮೆ ಮಾಸ್ತರರ ಹತ್ತಿರ ಹೋಗಿ, "ಹೇಳಿದ್ರ ಕೊಟ್ಟದ್ದು ಖರೇನ ಹಾಳಾಕ್ಕೈತೇನ್ರಿ?" ಎಂದು ಕೇಳಿದಳಂತೆ. ಮಾಸ್ತರರು ಹುಕುಮಿನ ಕಾಗದ ತೆಗೆದು ನೋಡಿ, ಹಾಳಾಗುತ್ತದೆ ಎಂದು ಹೇಳಿದರಂತೆ. ಒಂಬತ್ತು ವರ್ಷದ ಮಗುವಿಗೆ ಅಜ್ಜಿಯ ಮಾನ ಒಂದು ಕಡೆ, ತಮ್ಮ ಕಾಗದ ಒಂದು ಕಡೆ ಇಟ್ಟು ನಿದ್ದೆಗೆಡಿಸುವ ಇಂಥ ವಿದ್ಯೆಯನ್ನು ಇದುವರೆಗೆ ಯಾವ ಸರಕಾರವೂ ಕೊಟ್ಟಿರಲಿಲ್ಲ.

ಹತ್ತನೆಯ ದಿನ ಮುಂಜಾನೆ ತಿಪ್ಪವ್ವನ ಮನೆಯ ಮುಂದೆ ಗಾಡಿ ನಿಂತಿತ್ತು. ನನ್ನ ಮನೆಯ ಕಟ್ಟೆಯ ಮೇಲೆ ಲಾಲಬಿ ಮಹಾದೇವಕ್ಕನಿಗೆ ಬಳೆ ತೊಡಿಸುತ್ತಿದ್ದಳು. ಓಣಿಯ ನಾಲ್ಕಾರು ಹೆಂಗಸರು ಸುತ್ತ ಕುಳಿತಿದ್ದರು. ನಾನು ಒಳಗಿನ ಕಣಜದ ಬಾಗಿಲು ತೆಗೆಸಿ, ಆಳುಗಳಿಂದ ಹೊಸ ಭತ್ತ ಹೊರಿಸುತ್ತ, ಅದರ ಧೂಳಿಗೆ ಸೀನುತ್ತ ನಿಂತಿದ್ದೆ. ಆಗ ಆ ಹುಡುಗಿ ಬಂದು ಹೊಸ್ತಿಲ ಹೊರಗೆ ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಕೈ ಕಟ್ಟಿಕೊಂಡು, "ಸಾವ್ಕಾರ್ರ, ಗಂಟ ನಮ್ಮ ಆಯಿ ಇಟ್ಟಿದ್ದಲ್ರಿ, ನಾ ಇಟ್ಟಿದ್ರಿ" ಎಂದಳು.

ಯಾಕೆ ಇಟ್ಟೆ ಎಂದು ನಾನು ಗದರಿಸಿದೆ. ಗದರಿಸದಿದ್ದರೆ ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳೋ ಏನೋ. "ನೀವ ದಿನಾ ಮನ್ಯಾಗ ಏನೂ ಇಲ್ಲ ಅಂತಿದ್ರೆಲ್ರಿ" ಎಂದಳು. "ನಮ್ಮನ್ಯಾಗ ನುಚ್ಚರ ಇರತಿತ್ರಿ. ಏನೂ ಇಲ್ಲದವರಿಗೆ ಕೊಡ್ರಿ ಅಂತ ಸಾಹೇಬ್ರು ಹೇಳಿದ್ರು. ಊರಾಗ ಏನೂ ಇಲ್ಲ ಅನ್ನಾವರು ನೀವ ಒಬ್ರ. ಮಜ್ಜಿಗಿ ಕೇಳಾಕ ಬಂದಾಗ ಮಜ್ಜಿಗಿ ಇಲ್ಲ ಅಂದ್ರಿ, ಅದಕ ನುಚ್ಚಿನ್ಯಾಗ ಹಿಂಡ್ಕೊಳ್ಳಾಕ ನಿಂಬಿಹಣ್ಣ ಇಟ್ಟೆ. ಕೆಂಡ ಕೇಳಾಕ ಬಂದಾಗ ಒಲಿನ ಹೊತ್ತಿಲ್ಲ ಅಂದ್ರಿ, ಅದಕ ಇದ್ದಲಿ ಇಟ್ಟೆ. ನನ್ನ ಪಾಲಿಂದ ಇಟ್ಟೇನ್ರಿ, ಆಯಿದಲ್ಲ."

ನನ್ನ ಹಿಂದೆ ಕಣಜದ ಬಾಗಿಲು ತೆರೆದೇ ಇತ್ತು. ಭತ್ತ ಹೊತ್ತ ಆಳು ಹೊರೆಯ ಸಮೇತ ನಿಂತುಬಿಟ್ಟಿದ್ದ. ಲಾಲಬಿ ಮಹಾದೇವಕ್ಕನ ಕೈ ಬಿಟ್ಟು ನನ್ನ ಕಡೆ ತಿರುಗಿ, "ಸಾವ್ಕಾರ್ರ, ಇಡೀ ಊರಾಗ ಈ ಕೂಸಿಗೆ ನಿಮ್ಮಷ್ಟ ಬಡವರು ಯಾರೂ ಸಿಗಲಿಲ್ಲ ನೋಡ್ರಿ" ಎಂದಳು. ಯಾರಾದರೂ ನಕ್ಕಿದ್ದರೆ ನಾನು ಸಿಟ್ಟಾಗಬಹುದಿತ್ತು, ಸಿಟ್ಟಾಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಯಾರೂ ನಗಲಿಲ್ಲ. ಐವತ್ತೆರಡು ವರ್ಷದ ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಆದಕಾರಣ ಮಾನ್ಯರೇ, ಇನ್ನು ಮುಂದೆ ಇಂಥ ಅನಾಹುತ ಆಗದ ಹಾಗೆ ತಮ್ಮ ಕಚೇರಿಯು ಕೆಲವು ಉಪಕಾರಗಳನ್ನು ಮಾಡಬೇಕೆಂದು ಕೈಮುಗಿದು ಬೇಡುತ್ತೇನೆ. ದೊಡ್ಡವರು ಹೇಳಿದ್ದನ್ನು ನಿಜವೆಂದು ತಿಳಿಯಬಾರದೆಂದು ಒಂದನೆಯ ಇಯತ್ತೆಯಿಂದಲೇ ಮಕ್ಕಳಿಗೆ ಪಾಠ ಇಡಿಸಬೇಕು, ಅದಕ್ಕೆ ಬೇಕಾದಷ್ಟು ಉದಾಹರಣೆಗಳನ್ನು ನಾವು ಪುಕ್ಕಟೆಯಾಗಿ ಒದಗಿಸುತ್ತೇವೆ. ನಿಜವಾಗಿ ಇಲ್ಲದವರು ಯಾರು, ಇದ್ದೂ ಇಲ್ಲವೆನ್ನುವವರು ಯಾರು ಎಂಬುದು ಮಗುವಿಗೆ ದೂರದಿಂದಲೇ ಕಾಣುವ ಹಾಗೆ ನಮ್ಮಂಥವರ ಹಣೆಗೆ ಸರಕಾರದ ಮೊಹರು ಒತ್ತಿಸಬೇಕು. ಅಮಾವಾಸ್ಯೆಯನ್ನು ಶಾಲೆ ಇಲ್ಲದ ಬೇಸಿಗೆಯ ರಜೆಗೆ ವರ್ಗ ಮಾಡಿಸಬೇಕು. ಇವೆಲ್ಲ ಕಷ್ಟವಾದರೆ, ಮುಂದಿನ ಸಲ ಮಕ್ಕಳನ್ನು ಮನೆಗೆ ಕಳಿಸಿ ಅವರ ಮಣೆಗಳ ಮೇಲೆ ನಮ್ಮನ್ನು ಕೂಡಿಸಿ, ಕೊಡುವುದು ಎಂಬ ಶಬ್ದವನ್ನು ಪಾಟಿಯ ಮೇಲೆ ನೂರು ಸಲ ಬರೆಸಬೇಕು. ಬೆತ್ತವನ್ನು ತಾವೇ ತರಬೇಕು, ನಮ್ಮ ಮಾಸ್ತರರು ನನ್ನ ಮೇಲೆ ಎತ್ತಲಾರರು.

ಪತ್ರ ಬಹಿರಂಗವೇಕೆಂಬುದನ್ನು ಈಗ ಹೇಳಬೇಕು. ಹುಡುಗಿ ಹೋದ ಮೇಲೆ ನಾನು ತಿಪ್ಪವ್ವನ ಮನೆಗೆ ಹೋದೆ. ಒಂದು ಚೀಲ ಅಕ್ಕಿಯನ್ನು ಆಳಿನ ಹೆಗಲ ಮೇಲೆ ಹೊರಿಸಿಕೊಂಡೇ ಹೋಗಿದ್ದೆ, ಅದನ್ನು ಮುಂದೆ ಇಟ್ಟರೆ ಮಾತು ಆಡುವ ಕಷ್ಟ ತಪ್ಪೀತೆಂಬ ಆಸೆ ಇತ್ತು. ಅವಳು ಚೀಲವನ್ನು ನೋಡಲೇ ಇಲ್ಲ. "ಅಕ್ಕಿ ಆಮೇಲೆ ನೋಡೂಣ್ರಿ. ಚಾವಡ್ಯಾಗ ಹತ್ತ ಮಂದ್ಯಾಗ ಅಂದೀರಿ. ಅಲ್ಲೇ ಬಂದ ಅಂದದ್ದ ತಿರುಗಿ ತಗೋರಿ. ಅಲ್ಲೀತನಾ ಗಾಡ್ಯಾಗಿನ ಗಂಟ ಬಿಚ್ಚಂಗಿಲ್ಲ" ಎಂದಳು. ಮುಕ್ಕಾಲು ತಾಸು ಭಾಷಣ ಮಾಡಿದ ನನಗೆ ಚಾವಡಿಯಲ್ಲಿ ನಿಂತು ಎರಡು ಮಾತು ಆಡುವುದು ಆಗಲಿಕ್ಕಿಲ್ಲ, ಬರೆದು ಕೊಟ್ಟರೆ ನಡೆಯುವುದೇ ಎಂದು ಕೇಳಿದೆ. ಅವಳು ಯೋಚಿಸಿ, ನಡೆಯುತ್ತದೆ, ಆದರೆ ನನ್ನ ಮೊಮ್ಮಗಳು ಓದಬೇಕು, ನೀವು ಎದುರಿಗೆ ನಿಂತಿರಬೇಕು ಎಂದಳು. ಗಾಡಿಯವನು ಎತ್ತು ಬಿಚ್ಚಿ ಮೇವು ಹಾಕಿದ್ದಾನೆ. ಗಂಟುಮೂಟೆಗಳು ಇನ್ನೂ ಗಾಡಿಯಲ್ಲೇ ಇವೆ.

ಆದ್ದರಿಂದ ಈ ಪತ್ರ ಅಂಚೆಗೆ ಬೀಳುವ ಮೊದಲು ಚಾವಡಿಯಲ್ಲಿ ನಾಗವ್ವನ ಬಾಯಿಂದ ಓದಿಸಲ್ಪಡುತ್ತದೆ. ಉದ್ದುದ್ದ ವಾಕ್ಯಗಳನ್ನು ತಮಗಾಗಿ ಬರೆದಿದ್ದೇನೆ. ಮುಂದಿನ ನಾಲ್ಕನ್ನು ಅವಳಿಗಾಗಿ ಸಣ್ಣವನ್ನಾಗಿ, ದುಂಡಕ್ಷರದಲ್ಲಿ ಬರೆದಿದ್ದೇನೆ. ತಿಪ್ಪವ್ವ ಮಾಟ ಮಾಡಿಲ್ಲ. ಮಾಡಿದ್ದಾಳೆಂದು ನಾನು ಹೇಳಿದ್ದು ಸುಳ್ಳು. ನನ್ನ ಮನೆಯಲ್ಲಿ ಎಲ್ಲವೂ ಇತ್ತು, ಇದೆ. ತಿಪ್ಪವ್ವಾ, ತಪ್ಪು ನನ್ನದು, ಊರು ಬಿಟ್ಟು ಹೋಗಬೇಡ್ರಿ.

ಮತ್ತೆ ತಮ್ಮ ಆಗಮನವಾದರೆ ನನ್ನ ಮನೆಯಲ್ಲಿಯೇ ಊಟ ಮಾಡಬೇಕಾಗಿ ವಿನಂತಿಸಿಕೊಳ್ಳುವ, ನಿನ್ನೆಯವರೆಗೆ ಈ ಊರಿನ ಅತ್ಯಂತ ಬಡವನೂ ಇಂದಿಗೂ

ತಮ್ಮ ವಿಶ್ವಾಸಿಯೂ ಆದ,
ಮಹಾಲಿಂಗಪ್ಪ
ಮಾಘ ಶುದ್ಧ ದಶಮಿ, ಇಸವಿ ಸನ್ ೧೯೩೮

ತಾಜಾಕಲಂ: ಹುಕುಮಿನ ಪ್ರಕಾರ ಬಾಯಿ ಬಿಟ್ಟ ನಾಗವ್ವನನ್ನು ದಾನದ ಪಾಠದಲ್ಲಿ ನಾಪಾಸು ಮಾಡಲಾಗಿದೆಯೆಂದು ಮಾಸ್ತರರು ತಿಳಿಸಿದ್ದಾರೆ. ಬಾಯಿ ಬಿಟ್ಟರೆ ದಾನ ಹಾಳಾಗುವುದಾದರೆ, ಹಲಗೆ ಬಾರಿಸಿ ಸಾರಿದ ನನ್ನ ಎರಡು ಚೀಲ ಅಕ್ಕಿ ಕಣಜ ಬಿಟ್ಟು ಏಳುವ ಮೊದಲೇ ಹಾಳಾಗಿರಬೇಕು. ಆದರೂ ಇವತ್ತು ಅವನ್ನು ಶಾಲೆಗೆ ಕಳಿಸಿದ್ದೇನೆ, ತಾವು ಬೇಕಾದರೆ ನನ್ನನ್ನೂ ನಾಪಾಸು ಮಾಡಬಹುದು. ಮೇಲೆ ಬರೆಯದೆ ಬಿಟ್ಟ ಮಾತೊಂದಿದೆ. ಅಂದು ನನ್ನ ಬಾಗಿಲಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ ಹುಡುಗಿ ಹೊರಡುವ ಮುಂಚೆ ತಿರುಗಿ ನಿಂತು, ತೆರೆದ ಕಣಜವನ್ನು ನೋಡುತ್ತಲೇ, "ನಾ ಹೇಳಿಬಿಟ್ಟೆ, ಅದು ಹಾಳಾತು. ನಿಮಗ ಮತ್ತೊಂದ ಹಿಡಿ ತಂದು ಕೊಡ್ಲೇನ್ರಿ?" ಎಂದು ಕೇಳಿದಳು. ಇದಕ್ಕೆ ಉತ್ತರ ತಮ್ಮ ಕಚೇರಿಯಲ್ಲಿ ಇದ್ದರೆ ದಯವಿಟ್ಟು ಕಳಿಸಿರಿ.